ಗೋಡೆಗೆ ಕೈ ಊರಿದವನು, ಗೋಡೆಗೆ ಬೆನ್ನು ಕೊಟ್ಟವಳು

ಸೀನಾ,

ಈ ಪತ್ರ ನಿನ್ನ ವಾಟ್ಸಾಪಿಗೆ ಬರಬೇಕಿತ್ತು. ಅಲ್ಲಿ ಹಾಕಿದರೆ ಎರಡು ನೀಲಿ ಗೆರೆ, ಒಂದು ಹೆಬ್ಬೆರಳು, ಅಲ್ಲಿಗೆ ಮಂಗಳಂ. ಅದಕ್ಕೇ ನಾಲ್ಕು ಜನರ ಮುಂದೆ ಬರೀತಿದ್ದೀನಿ. ಜನ ನೋಡ್ತಿದ್ದಾರೆ ಅನ್ನೋ ಮುಲಾಜಿಗಾದರೂ ಉತ್ತರ ಬರೀತೀಯ. ಮಿಕ್ಕ ಓದುಗರು ಕ್ಷಮಿಸಿ. ನಡುವೆ ಎಲ್ಲಾದರೂ 'ಹನ್ನೊಂದನೇ ಎಪಿಸೋಡಿನ ಛತ್ರಿ' ಅಂತ ಬಂದರೆ ಅದು ಇವನಿಗೆ ಮಾತ್ರ, ನೀವು ದಾಟ್ಕೊಂಡು ಹೋಗಿ.

ನೀನು ಕೇಳಿದ್ದು ಒಂದೇ ಸಾಲು. ಚೈನೀಸ್ ಟೀವಿ ಡ್ರಾಮಾಗಳ ಲವ್ ಸ್ಟೋರಿಗಳಲ್ಲಿ ಹುಡುಗ ಯಾಕೆ ಸದಾ ಮುಖ ಗಂಟಿಕ್ಕಿಕೊಂಡಿರ್ತಾನೆ, ಹುಡುಗಿ ಯಾಕೆ ಸದಾ ಎಡವಿ ಬೀಳ್ತಾಳೆ? ನೀನು ತಮಾಷೆಗೆ ಕೇಳಿದೆ, ನಾನು ಸೀರಿಯಸ್ಸಾಗಿ ತಗೊಂಡೆ. ನಮ್ಮ ಸ್ನೇಹದ ಇತಿಹಾಸವೇ ಇಷ್ಟು.

ಮೊದಲು ಆ ಗಂಟುಮುಖದವನು. ಚೀನಾದಲ್ಲಿ ಅವನ ಜಾತಿಗೆ ಒಂದು ಹೆಸರೇ ಇದೆ: ಬಾದಾವ್ ಝೊಂಗ್‌ಚಾಯ್. ದರ್ಪದ ಕಂಪನಿ ಯಜಮಾನ ಅಂತ. ಅವಳ ಜಾತಿಗೂ ಇದೆ: ಶಾ ಬಾಯ್ ತಿಯೆನ್. ಒಂದೊಂದೇ ಪದ ಬಿಡಿಸಿದರೆ ಪೆದ್ದು, ಬಿಳಿ, ಸಿಹಿ. ಮೈಸೂರು ಪಾಕಿನ ಅಂಗಡಿಯಲ್ಲಿ ಕೇಳೋ ಹಾಗಿದೆ. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ನೋಡಬೇಕಾದರೆ 2014ರ 'ಬಾಸ್ ಅಂಡ್ ಮಿ' ಹಾಕ್ಕೊ. ಶಾನ್‌ಶಾನ್ ಅನ್ನೋ ಹುಡುಗಿಗೆ ದೊಡ್ಡ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಸಿಗುತ್ತೆ. ಅದು ಸಿಕ್ಕಿದ್ದು ಅವಳ ಅಂಕಪಟ್ಟಿಯಿಂದಲ್ಲ, ರಕ್ತದ ಗುಂಪಿನಿಂದ. ಬಾಸ್‌ನ ತಂಗಿಗೂ ಇವಳಿಗೂ ಒಂದೇ ಅಪರೂಪದ ನೆಗೆಟಿವ್ ಗುಂಪು. ಚೀನಾದವರು ಅದನ್ನ 'ಪಾಂಡಾ ರಕ್ತ' ಅಂತಾರೆ. ತಂಗಿಗೆ ರಕ್ತ ಕೊಟ್ಟ ಮೇಲೆ ಕೃತಜ್ಞತೆಗೆ ಅಂತ ಹಂದಿಯ ಲಿವರ್ ಹಾಕಿದ ಊಟದ ಡಬ್ಬಿ ಬರೋಕೆ ಶುರುವಾಗುತ್ತೆ. ಆಮೇಲೆ ಬಾಸ್ ತನಗೆ ಸೇರದ ತರಕಾರಿ ಆರಿಸಿ ತೆಗೆಯೋ ಕೆಲಸ ಇವಳಿಗೆ ಹಚ್ತಾನೆ. ಅದೇ ಪ್ರೇಮದ ನಾಂದಿ. ಮುಂದೆ ಅವನು ಆಡೋ ಒಂದು ಮಾತು ಚೀನಾದ ಇಂಟರ್ನೆಟ್ಟಿನಲ್ಲಿ ಗಾದೆಯ ಹಾಗೆ ಉಳಿದುಬಿಟ್ಟಿದೆ: ಈ ಮೀನಿನ ಕೊಳದ ಗುತ್ತಿಗೆ ನಿನ್ನದು ಅಂತ ಎಲ್ಲರಿಗೂ ಗೊತ್ತಾಗಬೇಕು. ಗುತ್ತಿಗೆ ಅಂತೆ! ತಾಲ್ಲೂಕು ಆಫೀಸಿನ ಪದದಲ್ಲಿ ಪ್ರೇಮ ನಿವೇದನೆ.

ಯಜಮಾನನೇ ಯಾಕೆ ಬೇಕು? ದುಡ್ಡಿಗೆ ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ಸಮಯಕ್ಕೆ. 40 ಎಪಿಸೋಡು, ಒಂದೊಂದು ಮುಕ್ಕಾಲು ಗಂಟೆ, ಅಂದರೆ 30 ಗಂಟೆ. ಅಷ್ಟು ಹೊತ್ತು ಇಬ್ಬರನ್ನೂ ಒಂದೇ ಜಾಗದಲ್ಲಿ ಇಡಬೇಕು. ಬೆಳಗ್ಗೆ ಹನ್ನೊಂದಕ್ಕೆ ಅವಳ ಆಫೀಸಿನ ಎದುರು ಕಾರು ನಿಲ್ಲಿಸೋಕೆ, ಆಸ್ಪತ್ರೆಯಲ್ಲಿ ಮೂರು ರಾತ್ರಿ ಕೂರೋಕೆ, ಇದ್ದಕ್ಕಿದ್ದ ಹಾಗೆ ವಿಮಾನ ಹತ್ತೋಕೆ ಯಾರ ಹತ್ತಿರ ರಜೆ ಕೇಳಬೇಕಾಗಿಲ್ಲ? ಮೇಲೆ ಬಾಸ್ ಇಲ್ಲದವನು. ರಾಜಕುಮಾರ, ದೇವಲೋಕದ ಸೇನಾಪತಿ, ಅಸುರರಾಜ ಎಲ್ಲರೂ ಇದೇ ಕೆಲಸಕ್ಕೆ ಬಂದವರು. ಇವರ ಹಾಜರಿ ಪುಸ್ತಕ ಯಾರೂ ನೋಡಲ್ಲ. ಕಾಲೇಜು ಕಥೆಯಲ್ಲಿ ಮಾತ್ರ ಯಜಮಾನ ಬೇಕಾಗಲ್ಲ, ಟೈಮ್‌ಟೇಬಲ್ಲೇ ಇಬ್ಬರನ್ನೂ ಕೂರಿಸುತ್ತೆ. ಅಲ್ಲಿ ಅವನು ಮೊದಲ ರ‍್ಯಾಂಕಿನ ಗಂಟುಮುಖ. 2017ರ 'ಎ ಲವ್ ಸೋ ಬ್ಯೂಟಿಫುಲ್'ನ ಜಿಯಾಂಗ್ ಚೆನ್ ಇದ್ದಾನಲ್ಲ, ನೀನು ಟೀವಿಗೆ ಚಪ್ಪಲಿ ತೋರಿಸಿದೆಯಲ್ಲ, ಅವನು.

ಈಗ ಬೀಳೋ ವಿಷಯ. ಬೀಳೋದಕ್ಕೂ ಒಂದು ಕಟ್ಟುನಿಟ್ಟಿದೆ. ಅವಳ ಕೈಯಲ್ಲಿ ಏನಾದರೂ ಇರಬೇಕು: ಫೈಲು, ಟೀ ತಟ್ಟೆ, ಏಣಿಯ ಮೇಲಿದ್ದರೆ ಪುಸ್ತಕ. ಅವನು ಒಂದೂವರೆ ಹೆಜ್ಜೆ ದೂರ, ಪಕ್ಕಕ್ಕೆ. ಕೈ ಸೊಂಟಕ್ಕೆ ಬರಬೇಕು, ಭುಜಕ್ಕೆ ಬಂದರೆ ಪೊಲೀಸ್ ಹಿಡಿದ ಹಾಗಾಗುತ್ತೆ. ಅರ್ಧ ಸುತ್ತು. ಒಂದು ದೂರದ ಶಾಟು, ಒಂದು ಕೈಯದು, ಆಮೇಲೆ ಕಣ್ಣುಗಳದು, ಅದೇ ಬೀಳುವಿಕೆ ಮೂರು ಸಲ, ನಿಧಾನಗತಿಯಲ್ಲಿ. ಹಾಡು ಎರಡನೇ ಶಾಟಿಗೆ ಎತ್ತಬೇಕು. ಗೋಡೆಗೆ ಕೈ ಊರೋದೂ ಇಷ್ಟೇ ಲೆಕ್ಕಾಚಾರದ್ದು. ಚೀನಾದಲ್ಲಿ ಅದು ಬೀ ದೊಂಗ್, ಜಪಾನಿನಿಂದ ಬಂದ ಸಾಮಾನು. 'ದೊಂಗ್' ಅನ್ನೋದು ಗೋಡೆಗೆ ಅಂಗೈ ಬಿದ್ದ ಸದ್ದು. ಕೈ ಅವಳ ಕಿವಿಯ ಮಟ್ಟಕ್ಕಿರಬೇಕು, ಮೊಣಕೈ ಸ್ವಲ್ಪ ಮಡಿಸಿರಬೇಕು. ಪೂರ್ತಿ ಚಾಚಿದರೆ ಅವನು ಗೋಡೆ ತಳ್ತಿದ್ದಾನೆ ಅನಿಸುತ್ತೆ, ಪೂರ್ತಿ ಮಡಿಸಿದರೆ ಪಾತ್ರ ಜಿಡ್ಡಾಗುತ್ತೆ. ಜಿಡ್ಡು ನನ್ನ ಮಾತಲ್ಲ, ಅಲ್ಲಿನ ಪ್ರೇಕ್ಷಕರದೇ ಬೈಗುಳ. ಒಂದು ಹುಬ್ಬು ಎತ್ತಿ, ಅರ್ಧ ತುಟಿ ನಕ್ಕು, ತಗ್ಗಿದ ದನಿಯಲ್ಲಿ 'ಹೆಣ್ಣೇ' ಅಂದರೆ ಸಾಕು, ನಟನನ್ನ ಎಣ್ಣೆಜಿಡ್ಡು ಅಂತ ತೊಳೆದು ಹಾಕ್ತಾರೆ. ದನಿ ಬಹಳ ಸಲ ಅವನದೇ ಅಲ್ಲ. ಎಷ್ಟೋ ಡ್ರಾಮಾಗಳಲ್ಲಿ ಡಬ್ಬಿಂಗ್ ಕಲಾವಿದರು ಮಾತಾಡ್ತಾರೆ. ಅವನಿಗೆ ಗಂಟಲಿನ ತಳದಿಂದ ಗುಳುಗುಳು ಬರೋ ದನಿ, ಅದಕ್ಕೆ 'ಗುಳ್ಳೆ ದನಿ' ಅಂತಲೇ ಹೆಸರು. ಅವಳಿಗೆ ಗಂಟಲಿಗೆ ಕ್ಲಿಪ್ಪು ಹಾಕಿದ ಹಾಗೆ ಹಿಂಡಿದ ದನಿ, ಅದಕ್ಕೂ 'ಕ್ಲಿಪ್ ದನಿ' ಅಂತ ಹೆಸರಿದೆ.

ಬೀಳೋದರಲ್ಲಿ ತಪ್ಪಿಲ್ಲ, ಯಾವಾಗ ಬೀಳ್ತಾಳೆ ಅನ್ನೋದರಲ್ಲಿದೆ. ಅವಳಿಗೆ ಏನು ಬರುತ್ತೆ ಅಂತ ತೋರಿಸಿ ಆಮೇಲೆ ಬೀಳಿಸಿದರೆ ಅದು ನಗು. ಏನೂ ತೋರಿಸದೆ ಬೀಳಿಸಿದರೆ ಆ ಬೀಳುವಿಕೆಯೇ ಅವಳ ಪರಿಚಯಪತ್ರ. 2016ರ 'ಲವ್ ಓಟೂಓ' ಇದನ್ನ ಸರಿಯಾಗಿ ಶುರು ಮಾಡುತ್ತೆ. ವೇಯ್‌ವೇಯ್ ಕಂಪ್ಯೂಟರ್ ಸೈನ್ಸ್ ಓದೋಳು, ಆನ್‌ಲೈನ್ ಗೇಮಿನಲ್ಲಿ ಪಳಗಿದ ಕೈ. ಶಿಯಾವ್ ನಾಯ್ ಅವಳಿಗೆ ಮನಸೋಲೋದು ಅವಳು ಇಂಟರ್ನೆಟ್ ಕೆಫೆಯಲ್ಲಿ ಕೂತು ತನ್ನ ತಂಡವನ್ನ ಯುದ್ಧಕ್ಕೆ ನಡೆಸೋದು ನೋಡಿ. ಕೀಬೋರ್ಡ್ ಮೇಲೆ ಓಡೋ ಅವಳ ಬೆರಳು ನೋಡಿ. ನಾನು ಎದ್ದು ಕೂತೆ. ಆದರೆ ಅರ್ಧ ದಾರಿಗೆ ಬರೋ ಹೊತ್ತಿಗೆ ಅವನು ಗೇಮೂ ಗೆಲ್ತಾನೆ, ಬಾಸ್ಕೆಟ್‌ಬಾಲೂ ಗೆಲ್ತಾನೆ, ಓದ್ತಿರುವಾಗಲೇ ಕಂಪನಿಯನ್ನೂ ಕಟ್ಟಿರ್ತಾನೆ. ಅವಳ ಬೆರಳಿಗೆ ಕೆಲಸವೇ ಉಳಿಯಲ್ಲ. ಜಾಣೆಯನ್ನ ತಂದು, ಅವಳಿಗಿಂತ ಜಾಣನನ್ನ ಪಕ್ಕದಲ್ಲಿಟ್ಟು, ಅವಳ ಜಾಣತನವನ್ನ ಒಡವೆ ಮಾಡಿಬಿಡೋದು. ಈ ಕಾಯಿಲೆ ಪೆದ್ದು ನಾಯಕಿಗಿಂತ ವಾಸಿ ಅಂತ ನನಗೇನೂ ಅನಿಸಿಲ್ಲ.

'ಇದೆಲ್ಲ ಗಂಡಸರ ಹಗಲುಗನಸು' ಅಂತ ನೀನು ಷರಾ ಬರೆಯೋ ಮುಂಚೆ ತಡಿ. ಬರೆಯೋರು ಬಹುಪಾಲು ಹೆಂಗಸರು, ಓದೋರೂ ಅವರೇ. 'ಬಾಸ್ ಅಂಡ್ ಮಿ', 'ಲವ್ ಓಟೂಓ' ಎರಡರ ಮೂಲ ಕಾದಂಬರಿಯೂ ಗು ಮಾನ್ ಅನ್ನೋ ಲೇಖಕಿಯದು. 2003ರಲ್ಲಿ ಶುರುವಾದ ಜಿನ್‌ಜಿಯಾಂಗ್ ಅನ್ನೋ ವೆಬ್ ತಾಣದ ಅಧ್ಯಾಯ ಅಧ್ಯಾಯದ ಕಾದಂಬರಿಗಳಿಂದ ಎಷ್ಟು ಡ್ರಾಮಾ ಹುಟ್ಟಿವೆಯೋ ಲೆಕ್ಕವಿಲ್ಲ. ಚೀನಾದ ಇಂಟರ್ನೆಟ್ ಕಾದಂಬರಿಗಳಿಗೆ ರೇಡಿಯೋ ಸ್ಟೇಷನ್ನಿನ ಹಾಗೆ ಗಂಡು ಫ್ರೀಕ್ವೆನ್ಸಿ, ಹೆಣ್ಣು ಫ್ರೀಕ್ವೆನ್ಸಿ ಅಂತಲೇ ವಿಂಗಡಣೆ. ಗಂಡು ಫ್ರೀಕ್ವೆನ್ಸಿಯಲ್ಲಿ ನಾಯಕ ಮೆಟ್ಟಿಲು ಹತ್ತುತ್ತಾನೆ. ಹೆಣ್ಣು ಫ್ರೀಕ್ವೆನ್ಸಿಯಲ್ಲಿ ಅವನು ಆಗಲೇ ಮೇಲೆ ನಿಂತಿರ್ತಾನೆ, ಇಳಿದು ಬರೋದೇ ಕಥೆ. ಲೋಕಕ್ಕೆ ಹುಲಿ, ಅವಳೊಬ್ಬಳಿಗೆ ಬೆಕ್ಕು. ಅವಳಿಗೋಸ್ಕರ ಸಿಗಡಿ ಸಿಪ್ಪೆ ಸುಲಿತಾನೆ, ಹೇರ್ ಡ್ರೈಯರ್ ಹಿಡಿದು ಕೂದಲು ಒಣಗಿಸ್ತಾನೆ, ಮುಟ್ಟಿನ ದಿನ ಕೆಂಪು ಸಕ್ಕರೆ ಶುಂಠಿ ಕಷಾಯ ಮಾಡಿ ತರ್ತಾನೆ. ಕಷಾಯ ತರದೆ 'ಬಿಸಿನೀರು ಜಾಸ್ತಿ ಕುಡಿ' ಅಂದವನು ಚೀನಾದಲ್ಲಿ ದಡ್ಡ ಪ್ರೇಮಿಯ ಲಾಂಛನ. ನಿನ್ನ ಪರಿಚಯದವರು ಯಾರೋ ನೆನಪಾದರೆ ನಾನು ಜವಾಬ್ದಾರನಲ್ಲ.

ಓದುಗರ ಪಟ್ಟು ಒಂದಿದೆ, ಅದು ಪಾತ್ರಗಳ ಮೂಳೆಯನ್ನೇ ತಿದ್ದುತ್ತೆ: ಶುವಾಂಗ್‌ಜಿಯೆ, ಇಬ್ಬರೂ ಶುದ್ಧ. ಅವನಿಗೂ ಅವಳಿಗೂ ಇದೇ ಮೊದಲು, ಇದೇ ಕೊನೆ. ಗಂಡಿಗೂ ಅದೇ ಷರತ್ತು ಹಾಕಿದ್ದಾರೆ ಅನ್ನೋದೇನೋ ಮೆಚ್ಚಬೇಕಾದ್ದೇ. ಆದರೆ ಬೆಲೆ ತೆರೋದು ಯಾರು ನೋಡು. 2022ರ 'ಎ ಡ್ರೀಮ್ ಆಫ್ ಸ್ಪ್ಲೆಂಡರ್' ಯುವಾನ್ ಕಾಲದ ನಾಟಕಕಾರ ಗುವಾನ್ ಹಾನ್‌ಚಿಂಗ್‌ನ ನಾಟಕದಿಂದ ಬಂದದ್ದು. ಮೂಲದಲ್ಲಿ ಝಾವ್ ಪಾನರ್ ವೇಶ್ಯೆ. ಗೆಳತಿಯನ್ನ ಒಬ್ಬ ದುಷ್ಟ ಗಂಡನಿಂದ ಬಿಡಿಸೋಕೆ ತನ್ನ ವೃತ್ತಿಯ ಚಾಲಾಕಿಯನ್ನೇ ಆಯುಧ ಮಾಡ್ಕೊತಾಳೆ. ಅವಳ ಕಸುಬೇ ಅವಳ ಬುದ್ಧಿ. ಡ್ರಾಮಾದಲ್ಲಿ ಅವಳು ಚಹಾದಂಗಡಿಯ ಒಡತಿ. ಚಿಕ್ಕಂದಿನಲ್ಲಿ ಸರ್ಕಾರಿ ಗಾಯಕಿಯರ ಪಟ್ಟಿಯಲ್ಲಿ ಹೆಸರಿತ್ತು, ಬಿಡುಗಡೆಯಾಯಿತು, ಕಳಂಕ ಏನೂ ಇಲ್ಲ ಅಂತ ಮತ್ತೆ ಮತ್ತೆ ಹೇಳಿಸ್ತಾರೆ. ಅಂಗಡಿ ಚೆನ್ನಾಗಿದೆ, ನಾಯಕಿಯಾದ ಲಿಯು ಯಿಫೇಯ್ ಇನ್ನೂ ಚೆನ್ನಾಗಿದ್ದಾಳೆ, ಮೂವರು ಹೆಂಗಸರು ಸೇರಿ ವ್ಯಾಪಾರ ಕಟ್ಟೋ ಭಾಗ ಒಳ್ಳೊಳ್ಳೆ ಡ್ರಾಮಾಗಳಿಗೂ ಇಲ್ಲದ್ದು. ಆದರೂ ಈ 'ಇಬ್ಬರೂ ಶುದ್ಧ' ವಿಷಯಕ್ಕೆ ಚೀನಾದಲ್ಲೇ ಜೋರು ಜಗಳ ನಡೀತು. ಏಳು ಶತಮಾನದ ಹಿಂದಿನವನಿಗೆ ಇದ್ದ ಧೈರ್ಯ ಇವರಿಗೆ ಇರಲಿಲ್ಲವಲ್ಲ ಅಂತ ನನಗೂ ಅನಿಸಿತು.

ಎರಡನೇ ನಾಯಕ, ಎರಡನೇ ನಾಯಕಿ ಬಗ್ಗೆ ಬರೆಯಲ್ಲ. ಅವನು ಒಳ್ಳೆಯವನು, ಅವಳು ಕೆಟ್ಟವಳು, ಇಬ್ಬರೂ ಕಾಯ್ತಾರೆ. ಛತ್ರಿ ಅವನದೇ.

ಇನ್ನು ನನಗೆ ಪ್ರಾಣವಾದ ವಿಷಯಕ್ಕೆ ಬರ್ತೀನಿ: 'ನಾನು' ಅನ್ನೋ ಪದ. ನಾವು ಓದೋದು ಇಂಗ್ಲಿಷ್ ಸಬ್‌ಟೈಟಲ್ಲು. ಅಲ್ಲಿ ಎಲ್ಲರೂ ಒಂದೇ 'ಐ'. ಮೂಲದಲ್ಲಿ ಹಾಗಲ್ಲ. ಚಕ್ರವರ್ತಿ ತನ್ನನ್ನ 'ಝೆನ್' ಅಂತಾನೆ, ಆ ಪದ ಅವನೊಬ್ಬನ ಸ್ವತ್ತು. ರಾಜಕುಮಾರ 'ಬೆನ್‌ವಾಂಗ್'. ಮಾಯಾಲೋಕದ ಒಡೆಯ 'ಬೆನ್‌ಝುವೊ', ಅಂದರೆ ಈ ಪೀಠ. ನಮ್ಮ ಕಂಪನಿ ನಾಟಕದ ರಾಜ ಎದೆ ಸೆಟೆಸಿ 'ನಾವು' ಅಂತಾನಲ್ಲ, ಅದರ ಅಜ್ಜ. ಹೆಣ್ಣಿನ ಪಾಲಿಗೆ ಬಂದದ್ದು? ರಾಣಿಯಾದರೂ ರಾಜನ ಎದುರು 'ಚೆನ್‌ಚಿಯೆ', ಅಂದರೆ ನಿನ್ನ ಪ್ರಜೆಯೂ ಉಪಪತ್ನಿಯೂ ಆದವಳು. ದಾಸಿ 'ನೂಬಿ'. ಕಿರಿ ದೇವತೆ 'ಶಿಯಾವ್‌ಶಿಯೆನ್', ಈ ಚಿಕ್ಕ ದೇವತೆ. ಬಾಯಿ ತೆಗೆದರೆ ಸಾಕು, ಅವನು ಒಂದು ಮೆಟ್ಟಿಲು ಹತ್ತಿರ್ತಾನೆ, ಅವಳು ಒಂದು ಇಳಿದಿರ್ತಾಳೆ. ಆಗ ಬಲ್ಲ ಸಂಭಾಷಣೆಕಾರ ಏನು ಮಾಡ್ತಾನೆ ಗೊತ್ತಾ? ಎಲ್ಲೋ ಒಂದು ಮಳೆಯ ರಾತ್ರಿ ಅವನ ಬಾಯಲ್ಲಿ ಪೀಠವನ್ನ ಜಾರಿಸಿ, ಬೀದಿಯವನ ಹಾಗೆ 'ವೊ' ಅನ್ನಿಸ್ತಾನೆ. ಬರೀ 'ನಾನು'. ಪ್ರೀತಿ ಹೇಳಿದ್ದೇ ಅಲ್ಲಿ. ಸಬ್‌ಟೈಟಲ್ಲಿನಲ್ಲಿ ಅದು ಮೊದಲೂ ಐ, ಆಮೇಲೂ ಐ. ನಾವು ಚುಂಬನಕ್ಕೆ ಕಾಯ್ತಾ ಕೂತಿರ್ತೀವಿ.

2011ರ 'ಎಂಪ್ರೆಸಸ್ ಇನ್ ದಿ ಪ್ಯಾಲೇಸ್' ಪ್ರೇಮಕಥೆ ಅಲ್ಲ, ಪ್ರೇಮದ ಮರಣೋತ್ತರ ಪರೀಕ್ಷೆ. ಆದರೂ ಈ ವಿದ್ಯೆ ಕಲಿಯೋಕೆ ಅದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ. ಅದರ ನಾಯಕಿ ಝೆನ್ ಹುವಾನ್ ಪ್ರೀತಿಯ ದಿನಗಳಲ್ಲಿ ಚಕ್ರವರ್ತಿಯನ್ನ 'ಸಿಲಾಂಗ್' ಅಂತಾಳೆ, ನಾಲ್ಕನೆಯವನೇ ಅಂತ, ಗಂಡನನ್ನ ಕರೆದ ಹಾಗೆ. ತಾನು ಅವನ ಸತ್ತ ಮೊದಲ ರಾಣಿಯ ನಕಲು ಮಾತ್ರ ಅಂತ ಗೊತ್ತಾದ ಮೇಲೆ ಆ ಹೆಸರು ಸತ್ತುಹೋಗುತ್ತೆ. 76 ಎಪಿಸೋಡಿನ ಅಷ್ಟು ದೊಡ್ಡ ಅರಮನೆಯಲ್ಲಿ ಅವಳ ಎದೆ ಯಾವ ಕಡೆ ಇದೆ ಅಂತ ತಿಳಿಯೋಕೆ ಅವಳು ಅವನನ್ನ ಏನಂತ ಕರೀತಾಳೆ ಅಂತ ಕೇಳಿಸ್ಕೊಂಡರೆ ಸಾಕು.

ಇದು ನಮಗೆ ಅರ್ಥವಾಗದ ವಿದ್ಯೆಯೇನಲ್ಲ. 'ರೀ' ಅನ್ನೋ ಒಂದೇ ಅಕ್ಷರದ ಮೇಲೆ ಎಷ್ಟು ಸಂಸಾರ ನಿಂತಿವೆ, ಎದುರಿಂದ ಬರೋ 'ಕಣೇ'ಗೆ ಎಷ್ಟು ದಾಂಪತ್ಯ ಒಗ್ಗಿಕೊಂಡಿವೆ! ಯಾರಾದರೂ ಇವನ್ನ ಕನ್ನಡಕ್ಕೆ ತಂದರೆ ಇಂಗ್ಲಿಷ್ ಸಬ್‌ಟೈಟಲ್ಲಿಗಿಂತ ಹತ್ತು ಪಾಲು ಚೆನ್ನಾಗಿ ಬರುತ್ತೆ. ಅವನು 'ನಾವು' ಇಂದ 'ನಾನು'ಗೆ ಇಳಿಯೋದು, ಅವಳು 'ತಾವು' ಇಂದ 'ನೀನು'ಗೆ ಹತ್ತೋದು, ಎರಡಕ್ಕೂ ನಮ್ಮಲ್ಲಿ ಮೆಟ್ಟಿಲು ಸಿದ್ಧ ಇದೆ. ತೊಡಕು ಬರೋದು 'ಗೆಗೆ' ಹತ್ತಿರ. ಅಣ್ಣ ಅಂತ ಅರ್ಥ. 2023ರ 'ಹಿಡನ್ ಲವ್'ನಲ್ಲಿ ಸಾಂಗ್ ಝಿ ತನ್ನ ಅಣ್ಣನ ಗೆಳೆಯನನ್ನ ಹಾಗೆ ಕರೆದೇ ಪ್ರೀತಿಸ್ತಾಳೆ. ಕನ್ನಡದಲ್ಲಿ 'ಅಣ್ಣಾ' ಅಂದರೆ ರಾಖಿ ಕಟ್ಟಿಸ್ಕೊಂಡು ಮನೆಗೆ ಹೋಗಬೇಕು. 'ಮಾವ' ಅಂದರೆ ನೇರ ಛತ್ರ ಬುಕ್ ಆಗುತ್ತೆ. ನಡುವಿನದು ನಮ್ಮಲ್ಲಿಲ್ಲ.

ಈಗ ಇಡೀ ಪತ್ರ ಯಾಕೆ ಬರೆದೆ ಅನ್ನೋ ಜಾಗಕ್ಕೆ ಬಂದೆ.

ಅವನು ಕ್ರೂರವಾಗಿ ನಡ್ಕೊಂಡರೂ ನಮಗೆ ಯಾಕೆ ಕೋಪ ಬರಲ್ಲ? ಹಣೆಯ ಮೇಲೆ ಜೊಂಪೆ ಕೂದಲು ಇದೆ ಅಂತ ಅಲ್ಲ. ಬಾಗಿಲು ಹಾಕಿಕೊಂಡ ಮೇಲೆ ಅವನು ಏನು ಮಾಡ್ತಾನೆ ಅಂತ ನಮಗೆ ತೋರಿಸ್ತಾರೆ. ಅವಳಿಗೆ ತೋರಿಸಲ್ಲ. ಅವಳನ್ನ ಬೈದು ಕಳಿಸ್ತಾನೆ, ಅವಳು ಅಳ್ತಾ ಓಡ್ತಾಳೆ, ಕ್ಯಾಮೆರಾ ಅವಳ ಹಿಂದೆ ಓಡಲ್ಲ, ಅವನ ಜೊತೆ ಕೋಣೆಯಲ್ಲೇ ಉಳಿಯುತ್ತೆ. ಅವನು ಮುಷ್ಟಿ ಬಿಗಿ ಹಿಡೀತಾನೆ. ಕಣ್ಣು ಕೆಂಪಾಗುತ್ತೆ. ಅವಳು ಬಿಟ್ಟು ಹೋದ ಹೇರ್‌ಪಿನ್ನನ್ನ ಡ್ರಾಯರಿನಲ್ಲಿ ಇಡ್ತಾನೆ. ಅವನ ನೋವಿಗೆ ಒಬ್ಬ ಸಾಕ್ಷಿ ಇದ್ದಾನೆ, ಆ ಸಾಕ್ಷಿ ನಾವು. ನಾವು ಕ್ಷಮಿಸಿ ಆಗಿರುತ್ತೆ. ಅವಳು ಇನ್ನೂ ಕ್ಷಮಿಸಿಲ್ಲವಲ್ಲ ಅಂತ ಅವಳ ಮೇಲೇ ಸಿಡಿಮಿಡಿ.

ಉದಾಹರಣೆಗೆ 2017ರ 'ಎಟರ್ನಲ್ ಲವ್', 58 ಎಪಿಸೋಡು. ನಾಯಕಿ, ದೇವತೆ ಬೈ ಚಿಯೆನ್‌ಗೆ ವಯಸ್ಸು 1,40,000 ವರ್ಷ, ನಾಯಕ ಯೆ ಹುವಾಗೆ 50,000. (ವಯಸ್ಸಿನ ಅಂತರ ಜಾಸ್ತಿ ಅಂತ ನಿಮ್ಮಮ್ಮ ಹೇಳಿದರೆ ಇದನ್ನ ತೋರಿಸು.) ಅವಳು ನೆನಪೂ ಶಕ್ತಿಯೂ ಕಳ್ಕೊಂಡು ಸುಸು ಅನ್ನೋ ಮನುಷ್ಯಳಾಗಿ ಅವನನ್ನ ಮದುವೆಯಾಗ್ತಾಳೆ. ದೇವಲೋಕದಲ್ಲಿ ಅವನು ಅವಳನ್ನ ಕಾಪಾಡೋಕೆ ಅಂತ ತಣ್ಣಗಿದ್ದುಬಿಡ್ತಾನೆ. ಕೊನೆಗೆ ಅವಳ ಕಣ್ಣುಗಳನ್ನ ಅವನೇ ತೆಗೆದು, ಅವನ ಮೇಲೆ ಕಣ್ಣಿಟ್ಟಿದ್ದ ಸುಜಿನ್‌ಗೆ ಕೊಡೋ ಹಾಗಾಗುತ್ತೆ. ಅವಳು ಮಗುವನ್ನ ಹೆತ್ತು, ದೇವತೆಗಳನ್ನ ಶಿಕ್ಷಿಸೋ ಕಟ್ಟೆಯಿಂದ ಕೆಳಕ್ಕೆ ಹಾರ್ತಾಳೆ. ಮೂಲ ಕಾದಂಬರಿಯ ಬಹುಭಾಗ ಬೈ ಚಿಯೆನ್‌ಳ ಬಾಯಲ್ಲೇ ನಡೆಯೋದು, ಅವನ ಒಳಗು ನಮಗೂ ಮುಚ್ಚಿದ ಬಾಗಿಲು. ಡ್ರಾಮಾದವರು ಆ ಬಾಗಿಲನ್ನ ಮೊದಲೇ ತೆಗೆದುಬಿಟ್ಟರು. ಅವನು ಪಡೋ ಸಂಕಟ ಪ್ರತಿ ಹೆಜ್ಜೆಗೂ ನಮಗೆ ಕಾಣುತ್ತೆ. ಕಣ್ಣು ಹೋದದ್ದು ಅವಳದು, ನಾವು ಅಳೋದು ಅವನಿಗೆ. ಬರವಣಿಗೆಯ ದೃಷ್ಟಿಯಿಂದ ಭಾರಿ ಕಸುಬು. ಆ ಕಸುಬೇ ನನಗೆ ಈಗ ಚುಚ್ತಾ ಇರೋದು.

ಇದನ್ನ ತಿರುಗಿಸಿ ಹಾಕಿದ್ದು 2022ರ 'ಲವ್ ಬಿಟ್ವೀನ್ ಫೇರಿ ಅಂಡ್ ಡೆವಿಲ್'. ಡೊಂಗ್‌ಫಾಂಗ್ ಚಿಂಗ್‌ಚಾಂಗ್ ಭಾವನೆಗಳನ್ನೇ ಕಿತ್ತುಹಾಕಿಸ್ಕೊಂಡವನು. ಅವನಿಗೂ ಶಿಯಾವ್ ಲಾನ್‌ಹುವಾ ಅನ್ನೋ ಕಿರಿ ದೇವತೆಗೂ ಒಂದು ಮಂತ್ರದ ಗಂಟು ಬೀಳುತ್ತೆ: ಅವಳಿಗೆ ಪೆಟ್ಟಾದರೆ ಗಾಯ ಅವನಿಗೆ, ಅವಳು ದುಃಖಪಟ್ಟರೆ ಕಣ್ಣೀರು ಅವನಿಗೆ. ಯಾರೋ ಅವಳನ್ನ ಪೀಡಿಸಿದರೆ ಅಲ್ಲಿ ಮಾಯಾಲೋಕದ ಒಡೆಯ ಎದೆ ಹಿಡ್ಕೊಂಡು ಒದ್ದಾಡ್ತಾನೆ. ಮೊದಲು ಅವಳನ್ನ ಕಾಯೋದು ತನ್ನ ಮೈ ಉಳಿಸ್ಕೊಳ್ಳೋಕೆ. ಅಂದರೆ ಇಲ್ಲಿ ಸಾಕ್ಷಿ ಸಿಕ್ಕಿದ್ದು ಅವಳ ನೋವಿಗೆ. ಅವಳು ಪೆದ್ದು-ಬಿಳಿ-ಸಿಹಿ ಹೌದು, ಕ್ಲಿಪ್ ದನಿಯೂ ಹೌದು, ಆದರೂ ಅವಳು ಅಗ್ಗ ಅನಿಸಲ್ಲ. ನಿನಗೆ ಅದು ಯಾಕೆ ಇಷ್ಟವಾಯಿತು ಅಂತ ನಾವು ಎರಡು ವಾರ ಜಗಳ ಆಡಿದ್ದಕ್ಕೆ ಉತ್ತರ ಇದೇ ಅಂತ ನನ್ನ ಅಂದಾಜು. ನಟನ ಎತ್ತರ ಅಂತ ನೀನು ಹಟ ಮಾಡಿದರೆ ಅದನ್ನೂ ಒಪ್ತೀನಿ.

ಇನ್ನೊಂದು ದಾರಿ 2020ರ 'ದಿ ರೊಮ್ಯಾನ್ಸ್ ಆಫ್ ಟೈಗರ್ ಅಂಡ್ ರೋಸ್', ಬರೀ 24 ಎಪಿಸೋಡು. ಚಿತ್ರಕಥೆ ಬರೆಯೋ ಹುಡುಗಿ ತಾನೇ ಬರೆದ ಕಥೆಯೊಳಗೆ ಬೀಳ್ತಾಳೆ, ಅದೂ ಮೂರನೇ ಎಪಿಸೋಡಿಗೆ ಸಾಯೋ ಪಾತ್ರವಾಗಿ. ಆ ಊರಿನಲ್ಲಿ ಅಧಿಕಾರ ಹೆಂಗಸರದು, ತಗ್ಗಿ ಬಗ್ಗಿ ನಡೆಯೋದು ಗಂಡಸರು. ಎಲ್ಲರೂ ಹೊಗಳಿದ್ದು ಆ ಅದಲುಬದಲನ್ನ. ನನಗೆ ಹಿಡಿಸಿದ್ದು ಬೇರೆ: ಮುಂದೇನಾಗುತ್ತೆ ಅನ್ನೋದು ಇಲ್ಲಿ ಅವಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ತಪ್ಪು ತಿಳ್ಕೊಳ್ಳೋ ಪಾಳಿ ಅವನದು. 2018ರ ಕೊನೆಯಲ್ಲಿ ಬಂದ 'ಸ್ಟೋರಿ ಆಫ್ ಮಿಂಗ್‌ಲಾನ್' ಇನ್ನೂ ಗಟ್ಟಿ. ಅಲ್ಲಿ ಹಳೇ ಗಾಯ, ಮೌನ, ಮುಚ್ಚಿಟ್ಟ ಜಾಣತನ, ಒಬ್ಬಳೇ ಕೂತು ಹಾಕೋ ಲೆಕ್ಕ, ಸಾಮಾನ್ಯವಾಗಿ ಗಂಡಿಗೆ ಮೀಸಲಾದ ಸಾಮಾನೆಲ್ಲ ಅವಳಿಗೆ ಕೊಟ್ಟಿದ್ದಾರೆ. ಚಿಕ್ಕಂದಿನಲ್ಲಿ ತಾಯಿಯನ್ನ ಕಳ್ಕೊಂಡ ಹುಡುಗಿ ಅದಕ್ಕೆ ಕಾರಣರಾದವರ ಲೆಕ್ಕ ಚುಕ್ತಾ ಮಾಡೋಕೆ ವರ್ಷಗಟ್ಟಲೆ ಪೆದ್ದಿಯ ಹಾಗೆ ನಟಿಸ್ತಾಳೆ. ಶಾ ಬಾಯ್ ತಿಯೆನ್ ಅನ್ನೋದನ್ನೇ ವೇಷ ಮಾಡ್ಕೊಂಡವಳು.

ಸರ್ಕಾರದ ಕಣ್ಣೂ ಇದೆ, ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. 2021ರ ಸೆಪ್ಟೆಂಬರಿನಲ್ಲಿ ಹೆಣ್ಣಿಗನ ಹಾಗೆ ಕಾಣೋ ಗಂಡಸರು ಪರದೆಗೆ ಬೇಡ ಅಂತ ಬಂತು, 2024ರಲ್ಲಿ ಮೊಬೈಲಿನ ಕಿರು ಡ್ರಾಮಾಗಳಲ್ಲಿ ದರ್ಪದ ಯಜಮಾನರು ಜಾಸ್ತಿಯಾದರು, ಕಡಿಮೆ ಮಾಡಿ ಅಂತ ಬಂತು. ಗಂಡು ಹೇಗಿರಬೇಕು ಅನ್ನೋ ಚಿಂತೆಯೇ ಎಲ್ಲ. ಆ ಕಡೆ ಹೆಣ್ಣುಮಕ್ಕಳು ತಮ್ಮ ಚಿಂತೆಯನ್ನ ತಾವೇ ಮಾಡ್ಕೊಂಡಿದ್ದಾರೆ. ಪ್ರೀತಿಗೆ ಬಿದ್ದು ಬುದ್ಧಿ ಕಳ್ಕೊಂಡ ನಾಯಕಿಯನ್ನ ಕಂಡರೆ 'ಹೋಗಮ್ಮ, ಕಾಡುಸೊಪ್ಪು ಕೀಳು' ಅಂತಾರೆ. ಜಾನಪದದ ವಾಂಗ್ ಬಾವ್‌ಚುವಾನ್ ಯುದ್ಧಕ್ಕೆ ಹೋದ ಗಂಡನಿಗಾಗಿ ಗುಹೆಮನೆಯಲ್ಲಿ 18 ವರ್ಷ ಸೊಪ್ಪು ತಿಂದು ಕಾದಳಂತೆ. ನಮ್ಮ ಊರ್ಮಿಳೆಯದು 14. ಅವಳಿಗೆ ಸೊಪ್ಪಾದರೂ ಕೊಟ್ಟರೋ ಇಲ್ಲವೋ, ಯಾರೂ ಬರೆದಿಲ್ಲ.

ಕ್ಯಾಮೆರಾ ಅವನ ಕಡೆಗೇ ಅನ್ನೋದನ್ನ ನೀನು ನಂಬಲ್ಲ ಅಂತ ಗೊತ್ತು, ನೀನೇ ಎಣಿಸು. ಯಾವುದಾದರೂ ಡ್ರಾಮಾ ತಗೊ, ಮೊದಲ ಹತ್ತು ಎಪಿಸೋಡು. ಕಾಗದದ ಮೇಲೆ ಮೂರು ಕಾಲಮ್ಮು ಎಳಿ. ಒಂದರಲ್ಲಿ ಅವನು ಒಬ್ಬನೇ ಇರೋ, ಅವನ ಮನಸ್ಸು ನಮಗೆ ಕಾಣೋ ದೃಶ್ಯ. ಎರಡರಲ್ಲಿ ಅವಳದು, ಅದೇ ರೀತಿ. ಮೂರರಲ್ಲಿ ಅವಳು ಯಾರ ಜೊತೆಗಾದರೂ ಅವನನ್ನ ಬಿಟ್ಟು ಬೇರೆ ವಿಷಯ ಮಾತಾಡೋ ದೃಶ್ಯ. ಮೂರು ಕಡೆ ಎಡವ್ತೀಯ. ಹಳೇ ನೆನಪಿನ ದೃಶ್ಯ ಯಾರ ಮುಖದ ಮೇಲೆ ಶುರುವಾಯಿತೋ ಅವರ ಖಾತೆಗೆ ಹಾಕಬೇಕು, ಅದರೊಳಗೆ ಯಾರಿದ್ದಾರೆ ಅನ್ನೋದು ಮುಖ್ಯವಲ್ಲ. ಕೊನೆಯ ಹಾಡಾದ ಮೇಲೆ ಬರೋ ಚಿಕ್ಕ ತುಣುಕನ್ನ ಬಿಡಬೇಡ. 'ಅವತ್ತು ಅವನೂ ಅವಳನ್ನ ನೋಡಿದ್ದ' ಅನ್ನೋದನ್ನ ಅಲ್ಲೇ ಸಿಕ್ಕಿಸಿರ್ತಾರೆ. ಗೆಳತಿಯ ಜೊತೆ ಮೇಜಿನ ಮೇಲೆ ಕುದಿಯೋ ಸಾರಿನ ಹಾಟ್‌ಪಾಟ್ ತಿನ್ನೋ ದೃಶ್ಯವನ್ನ ಮೂರನೇ ಕಾಲಮ್ಮಿಗೆ ಹಾಕೋ ಆಸೆಯಾಗುತ್ತೆ, ತಡಿ. ಎರಡನೇ ತುತ್ತಿಗೆ ಅವನ ವಿಷಯ ಬಂದೇ ಬರುತ್ತೆ.

ಇಲ್ಲಿಗೆ ನಿಲ್ಲಿಸಬೇಕಿತ್ತು, ಸೀನಾ. ಪತ್ರದ ಪ್ಲಾನೇ ಅಷ್ಟಿದ್ದದ್ದು.

ಆದರೆ ಮೊದಲನೇ ಕಾಲಮ್ಮು ತುಂಬ್ತಾ ಹೋದ ಹಾಗೆ ಒಂದು ವಿಷಯ ತಲೆಗೆ ಹತ್ತಿ ಇಳೀತಿಲ್ಲ. ನನ್ನ ಮೌನಕ್ಕೂ ಒಂದು ಕ್ಯಾಮೆರಾ ಇದೆ ಅಂದ್ಕೊಂಡೇ ನಾನು ಇಷ್ಟು ವರ್ಷ ಕಳೆದಿದ್ದೀನಿ. ಉತ್ತರ ಕೊಡದೆ ಕೂತಾಗ, ಮುಖ ತಿರುಗಿಸಿ ಎದ್ದು ಹೋದಾಗ, ಒಳಗೆ ನಾನು ಪಡೋ ಪಾಡು ಎದುರಿನವರಿಗೆ ಹೇಗೋ ಕಾಣ್ತಿದೆ, ಅವರು ಅದನ್ನ ಲೆಕ್ಕಕ್ಕೆ ತಗೊಂಡಿದ್ದಾರೆ ಅಂತ. ಮೇಲೆ ಹೆಬ್ಬೆರಳಿನ ಚುಚ್ಚುಮಾತು ಆಡಿದೆನಲ್ಲ, ಮಿಕ್ಕವರಿಗೆ ಗೊತ್ತಿಲ್ಲ, ನಿನಗೆ ಗೊತ್ತು: ಆ ಮಾರ್ಚಿನಲ್ಲಿ ನೀನು ಕಳಿಸಿದ ಅಷ್ಟುದ್ದದ ಮೆಸೇಜಿಗೆ ಹೆಬ್ಬೆರಳು ಒತ್ತಿದವನು ನಾನು. ಅವತ್ತು ರಾತ್ರಿ ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದೆ. ನಿನಗೆ ಕಂಡದ್ದು ಹೆಬ್ಬೆರಳು ಒಂದೇ. ನೀನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಮಾರನೇ ವಾರ ಛತ್ರಿಯ ಮೀಮ್ ಕಳಿಸಿದೆ. ನೀನು ಕ್ಷಮಿಸಿದೆ ಅಂದ್ಕೊಂಡೆ ನಾನು. ಈಗ ನೋಡಿದರೆ ನೀನು ಕ್ಷಮಿಸಿದ್ದೀಯ ಅಂತ ನಿರ್ಧಾರ ಮಾಡಿದವನೂ ನಾನೇ.

ಸರಿ ಸರಿ. ಹಿನ್ನೆಲೆಯಲ್ಲಿ ಆ ಹಾಡು ಹಾಕ್ಕೊಂಡು ಪತ್ರ ಬರೀಬಾರದು, ಇದೇ ಆಗೋದು. ಇನ್ನೊಂದು ನಿಮಿಷ ಬಿಟ್ಟರೆ ಕಣ್ಣು ಕೆಂಪಾಗಿ ಮುಷ್ಟಿ ಬಿಗಿಯಾಗೋದರಲ್ಲಿತ್ತು, ಡ್ರಾಯರಿನಲ್ಲಿ ಇಡೋಕೆ ನಿನ್ನ ಹೇರ್‌ಪಿನ್ನೂ ಇಲ್ಲ. ನಿನ್ನ ತಲೆಯಲ್ಲಿ ಉಳಿದಿರೋ ಕೂದಲಿಗೆ ಪಿನ್ನು ಬೇಕಾಗೂ ಇಲ್ಲ. ನನ್ನ ಎತ್ತರಕ್ಕೆ ಗೋಡೆಗೆ ಕೈ ಊರಿದರೆ ಸ್ವಿಚ್ಚು ಆಫ್ ಆಗುತ್ತೆ ಅಷ್ಟೆ.

ಮೀನಿನ ಕೊಳ ಕೊಡಿಸೋ ಯೋಗ್ಯತೆ ನನಗಿಲ್ಲ, ಕಂದಾಯ ಇಲಾಖೆ ಬಿಡಲ್ಲ. ಸಿಗಡಿ ನಿನಗೆ ಅಲರ್ಜಿ. ಅವರೆಕಾಯಿ ಸೊಗಡು ಬಂದಿದೆ. ಭಾನುವಾರ ಬಾ. ಎರಡು ಕೆಜಿ ತಂದಿಡ್ತೀನಿ, ಸುಲಿದು ರಾತ್ರಿಯೇ ನೆನೆಹಾಕಿರ್ತೀನಿ, ಬೆಳಗ್ಗೆ ಕೂತು ಒಂದೊಂದೇ ಕಾಳು ನಾನೇ ಹಿತುಕ್ತೀನಿ, ನೀನು ಒಂದನ್ನೂ ಮುಟ್ಟಬೇಡ. ಆ ಹೊತ್ತಿಗೆ ಮೆಸೇಜಿಗೆ ಉತ್ತರವನ್ನೂ ಬಾಯಲ್ಲೇ ಹೇಳ್ತೀನಿ, ಅರ್ಧಕ್ಕೆ ನಿಂತರೆ ಸಾರಿಗೆ ಉಪ್ಪು ಹಾಕಿದ್ದೀಯಾ ಅಂತ ಕೇಳು. ಛತ್ರಿ ತರೋದು ಮರೀಬೇಡ.

ನಿನ್ನ,
ಗುಳ್ಳೆ ದನಿ